ಹಂಚಲ್ಲ, ಹಂಚಿನಂಗ

ಪ್ರಶ್ನೆ ಯಮನೂರಮ್ಮನಿಗೆ ಪೂರ್ತಿ ಅರ್ಥವಾಗಿತ್ತು. ತೊಂದರೆಯಾದದ್ದೇ ಅದರಿಂದ.

"ವಾಟ್ ಈಸ್ ಯುವರ್ ಹಸ್ಬಂಡ್ಸ್ ನೇಮ್?" ಎಂದು ಗುರುಬಸವ ಮಾಸ್ತರು ಎರಡನೇ ಸಲ ಕೇಳಿದರು. ಈ ಸಲ ಒಂದೊಂದೇ ಶಬ್ದ ಬಿಡಿಸಿ, ಕಿವಿ ಮಂದವಾದವರಿಗೆ ಹೇಳುವ ಹಾಗೆ ಜೋರಾಗಿ. ಯಮನೂರಮ್ಮ ಕೊನೆಯ ಬೆಂಚಿನಲ್ಲಿ ಎದ್ದು ನಿಂತಿದ್ದಳು. ಹತ್ತನೇ ತರಗತಿಯ ನಲವತ್ತು ತಲೆಗಳು ಹಿಂದಕ್ಕೆ ತಿರುಗಿ ಅವಳನ್ನೇ ನೋಡುತ್ತಿದ್ದವು. ಎರಡನೇ ಬೆಂಚಿನ ಒಂದೇ ಒಂದು ತಲೆ ತಿರುಗಿರಲಿಲ್ಲ. ಅದು ಅವಳ ಮಗಳು ಅಮೃತಾಳದು.

ಮೂವತ್ಮೂರನೇ ವಯಸ್ಸಿನಲ್ಲಿ ಮಗಳ ತರಗತಿಯಲ್ಲಿ ಕೂಡುವುದು ಯಮನೂರಮ್ಮನಿಗೇನೂ ಹವ್ಯಾಸವಾಗಿರಲಿಲ್ಲ. ಗಂಗಾವತಿ ತಾಲೂಕಿನಲ್ಲಿ, ಮರಳಿ ಎಂಬ ಊರಿನ ಆಚೆಗಿನ ಹಳ್ಳಿಯ ಅಂಗನವಾಡಿಯಲ್ಲಿ ಅವಳು ಸಹಾಯಕಿ. ಕಸ ಗುಡಿಸುವುದು, ಉಪ್ಪಿಟ್ಟು ತಿರುವುವುದು, ಬರಲು ಒಲ್ಲೆನೆಂದು ಅಳುವ ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ಬರುವುದು ಅವಳ ಕೆಲಸ. ಹಾಡು, ಕಥೆ ಹೇಳುವುದು ಕಾರ್ಯಕರ್ತೆ ರೇಣುಕಾದೇವಿಯವರ ಕೆಲಸ. ಆದರೆ ರೇಣುಕಾದೇವಿ ಕಥೆ ಶುರು ಮಾಡಿದರೆ ಮಕ್ಕಳು ಮಲಗುತ್ತಿದ್ದವು, ಯಮನೂರಮ್ಮ ಶುರು ಮಾಡಿದರೆ ಎದ್ದು ಕೂಡುತ್ತಿದ್ದವು. ಅದು ರೇಣುಕಾದೇವಿಯವರಿಗೂ ಗೊತ್ತಿತ್ತು. "ನಮ್ಮ ಮನಿಯವರಿಗೆ ಕುಷ್ಟಗಿಗೆ ವರ್ಗ ಆಗೇತಿ. ಜೂನಿನಾಗ ನಾ ಬಿಡಾಕಿ. ನನ್ನ ಜಾಗಾಕ ನೀನ ಬರಬೇಕು ನೋಡು. ಆದ್ರ ಎಸ್ಸೆಸ್ಸೆಲ್ಸಿ ಬೇಕು," ಎಂದಿದ್ದರು.

ಎಸ್ಸೆಸ್ಸೆಲ್ಸಿಯಲ್ಲಿ ಉಳಿದದ್ದೆಲ್ಲ ಅವಳು ಮದುವೆಗೆ ಮುಂಚೆಯೇ ಪಾಸು ಮಾಡಿದ್ದಳು. ಇಂಗ್ಲಿಷಿನಲ್ಲಿ ಮಾತ್ರ ಹತ್ತೊಂಬತ್ತು ಬಂದಿತ್ತು. ಹದಿನಾರು ವರ್ಷದ ನಂತರ, ಎರಡು ಸಾವಿರದ ಮೂರನೇ ಇಸವಿಯಲ್ಲಿ, ಖಾಸಗಿ ಅಭ್ಯರ್ಥಿ ಎಂದು ಮತ್ತೆ ಫಾರ್ಮು ತುಂಬಿದಳು. ಮುಂಜಾನೆ ಏಳಕ್ಕೆ ನಡೆಯುವ ವಿಶೇಷ ತರಗತಿಗೆ ಬಂದು ಕೂಡಲು ಹೆಡ್ಮಾಸ್ತರು ಒಪ್ಪಿದ್ದರು. ಒಪ್ಪದವಳೆಂದರೆ ಅಮೃತಾ ಒಬ್ಬಳೇ. "ಕುಂದರು. ಆದ್ರ ನನ್ನ ಅಮ್ಮಿ ಅಂತ ಕರೀಬ್ಯಾಡ, ಚುರುಮುರಿ ಕೊಡಬ್ಯಾಡ, ನಕ್ಕರ ಜೋರಾಗಿ ನಗಬ್ಯಾಡ," ಎಂದು ಮೂರು ಕರಾರು ಹಾಕಿದ್ದಳು.

ಈಗ ಆ ಅಮೃತಾಳೇ ಎದ್ದು ನಿಂತಳು. ಕಿವಿ ಕೆಂಪಾಗಿದ್ದವು.

"ಸರ್, ಆಕಿಗೆ ತಿಳದೈತ್ರಿ. ಹೆಸರು ಹೇಳಂಗಿಲ್ರಿ ಆಕಿ. ಅಪ್ಪನ ಹೆಸರು ಬಾಯಿಲೇ ಹೇಳಂಗಿಲ್ಲ."

ಮಾಸ್ತರು ತುಟಿ ಕಚ್ಚಿಕೊಂಡರು. ಯಲಬುರ್ಗಾ ಕಡೆಯ ಒಣಭೂಮಿಯಿಂದ ಬಂದ ಇಪ್ಪತ್ತಾರರ ಹುಡುಗ. ಅವರ ತಾಯಿಯೂ ಗಂಡನ ಹೆಸರು ಹೇಳಿದವಳಲ್ಲ. ಆದರೆ ಇಂಗ್ಲಿಷ್ ಮಾತಾಡುವಾಗ ತನಗೊಬ್ಬ ತಾಯಿ ಇದ್ದಾಳೆಂಬುದೇ ಅವರಿಗೆ ಮರೆತುಹೋಗುತ್ತಿತ್ತು. ಪುಸ್ತಕ ಮೇಜಿನ ಮೇಲಿಟ್ಟು ಅವರು ನಕ್ಕರು.

"ಹಂಗಾರ ಒಡಪು ಹಾಕಿ ಹೇಳ್ರಿ ಯಮನೂರಮ್ಮಾರ."

ತರಗತಿ ಹೋ ಎಂದಿತು. ಮದುವೆಮನೆಯಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಗಂಡನ ಹೆಸರು ಕೇಳಿದಾಗ, ಎರಡು ಸಾಲು ಪದ ಕಟ್ಟಿ ಅದರ ತುದಿಗೆ ಹೆಸರು ಸಿಕ್ಕಿಸಿ ಹೇಳುವುದೇ ಒಡಪು. ಹಾಗೆ ಹೇಳಿದರೆ ಹೆಸರು ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಅದರಲ್ಲಿ ಯಮನೂರಮ್ಮನನ್ನು ಮೀರಿಸುವವರು ಸುತ್ತ ನಾಲ್ಕು ಊರಲ್ಲಿ ಇರಲಿಲ್ಲ. ಹಳೆಯದನ್ನೇ ಹೇಳುವುದು ಅವಳ ಜಾಯಮಾನವಲ್ಲ. ನಿಂತ ನಿಲುವಿನಲ್ಲಿ ಹೊಸದು ಕಟ್ಟಬೇಕು. ಕಣ್ಣು ಮುಚ್ಚಿದಳು. ಆ ದಿನ ಬೆಳಿಗ್ಗೆ ಗಂಡ ಸೈಕಲ್ಲಿನ ಕೀಲಿ ಸಿಗದೆ ಮನೆ ತುಂಬ ಒದರಾಡಿ, ಹಂಚಿನ ಮೇಲಿನ ರೊಟ್ಟಿ ಕಂಡ ಕೂಡಲೇ ತಣ್ಣಗಾಗಿ ಉಂಡು ಹೋದದ್ದು ಕಣ್ಣ ಮುಂದೆ ಬಂತು.

"ಸಿಟ್ಟು ಬಂದರ ಕಾದ ಹಂಚು, ನಕ್ಕರ ಮಾಗಿದ ಹಣ್ಣ,
ಮುನಿಸು ಮರೆತು ಉಣ್ಣಾಕ ಬರ್ರಿ ಅಂದ್ರ ಬಂದಾರ ವಿರುಪಣ್ಣ!"

ಬೆಂಚುಗಳು ಢಬಢಬ ಬಡಿದುಕೊಂಡವು. ಅಮೃತಾ ಮುಖ ಮುಚ್ಚಿಕೊಂಡಿದ್ದಳು, ಆದರೆ ಬೆರಳ ಸಂದಿಯಲ್ಲಿ ನಗುತ್ತಿದ್ದಳು. ಮಾಸ್ತರು ಮಾತ್ರ ನಗಲಿಲ್ಲ. ಸೀಮೆಸುಣ್ಣ ಹಿಡಿದು ಹಲಗೆಯತ್ತ ಹೆಚ್ಚುಕಡಿಮೆ ಓಡಿದರು. ಎರಡು ಸಾಲನ್ನೂ ದೊಡ್ಡಕ್ಷರದಲ್ಲಿ ಬರೆದರು.

"ವಿರುಪಣ್ಣಾರು ಹಂಚೇನು?"

"ಅಲ್ರೀ ಸರ್!"

"ಮತ್ತ ಈ ಅಕ್ಕಾರು ಹಂಚು ಅಂದ್ರಲ್ಲ. ಸುಳ್ಳು ಹೇಳಿದ್ರೇನು?"

ಶಹನಾಜಬೇಗಂ ಎಂಬ ಹುಡುಗಿ ಮೆಲ್ಲಗೆ, "ಸುಳ್ಳಲ್ರಿ ಸರ್. ಸಿಟ್ಟು ಎಷ್ಟು ಬಿಸಿ ಅಂತ ಹೇಳ್ಯಾರ್ರಿ," ಎಂದಳು.

"ಹಾಂ! ಒಂದು ವಸ್ತುವಿನ ಹೆಸರು ತಗೊಂಡು ಇನ್ನೊಂದರ ಮ್ಯಾಲ ಇಟ್ರು. ಇದನ್ನ ನಾ ನಿಮಗ ಎರಡು ತಿಂಗಳಿಂದ ಬಾಯಿಪಾಠ ಮಾಡಸಾಕ ಹತ್ತೀನಿ. ಗೈಡಿನಾಗ ನಲವತ್ತೇಳನೇ ಪಾನು. ಮೆಟಫರ್! ಮೆಟಫರ್ ಅಂದ್ರ ಇದ!"

ಮೆಟಫರ್. ಯಮನೂರಮ್ಮ ಅದರ ವ್ಯಾಖ್ಯೆಯನ್ನು ರೊಟ್ಟಿ ತಟ್ಟುತ್ತ, ಭತ್ತ ತೂರುತ್ತ ಉರು ಹೊಡೆದಿದ್ದಳು. ಅದರ ಪಕ್ಕಕ್ಕೇ ಸಿಮಿಲಿ ಎಂಬ ಇನ್ನೊಂದಿತ್ತು. ಎರಡೂ ಅವಳ ತಲೆಯಲ್ಲಿ ಅವಳಿ ಮಕ್ಕಳ ಹಾಗೆ ಕೂತಿದ್ದವು. ಯಾವುದನ್ನು ಕರೆದರೂ ಎರಡೂ ಓಡಿ ಬರುತ್ತಿದ್ದವು. ದೊಡ್ಡ ಪರೀಕ್ಷೆಗೆ ಮುಂಚೆ ಮಾಡಿಸಿದ ಎರಡು ಚಾಚಣಿ ಪರೀಕ್ಷೆಯಲ್ಲೂ ಅದಲು ಬದಲು ಬರೆದು ಆ ಪ್ರಶ್ನೆಗೆ ಸೊನ್ನೆ ತಂದಿದ್ದಳು. ಈಗ ಅದರಲ್ಲೊಂದು ತನ್ನ ಬಾಯಿಂದಲೇ ಬಂದು ಹಲಗೆಯ ಮೇಲೆ ನಿಂತಿತ್ತು. ಅವಳಿಗೆ ಕೂಡಲಾಗಲಿಲ್ಲ. ಯಾರೂ ನಿಂತಿರಲು ಹೇಳದಿದ್ದರೂ ಹಾಗೇ ನಿಂತುಕೊಂಡಿದ್ದಳು.

"ನಾಳೆ ಎಲ್ಲಾರೂ ಮನ್ಯಾಗ ಕೇಳಿಕೊಂಡು ಒಂದೊಂದು ಒಡಪು ತರಬೇಕು," ಎಂದರು ಮಾಸ್ತರು. "ಅವ್ವಂದು, ಆಯೀದು, ಮಾಮೀದು, ಯಾರದಾದ್ರೂ ಸೈ."

ಮರುದಿನ ತರಗತಿಯೆಂಬುದು ಮದುವೆ ಚಪ್ಪರವಾಯಿತು. ಒಬ್ಬನ ಅಪ್ಪ ತಾಳೆಮರ, ಇನ್ನೊಬ್ಬಳ ಅಪ್ಪ ಹಬ್ಬದ ಹೋಳಿಗೆ. ಶಹನಾಜಳ ತಾಯಿ ನೂರಜಾನಬಿ ಹೇಳಿ ಕಳಿಸಿದ್ದರಲ್ಲಿ ಫಕ್ರುದ್ದೀನ ಸಾಹೇಬರು ತೂತಿಲ್ಲದ ಕೊಡೆಯಾಗಿದ್ದರು. ಚಹಾದಂಗಡಿಯ ಪಂಪಣ್ಣನ ಮಗ ತಂದದ್ದರಲ್ಲಿ ಪಂಪಣ್ಣನ ಮನಸ್ಸು ಬೆಲ್ಲದ ಚಹಾದಂತಿತ್ತು. ಮಾಸ್ತರು ಒಂದೊಂದನ್ನೂ ಇಂಗ್ಲಿಷಿಗೆ ದಾಟಿಸಿದರು. ದಾಟುವಾಗ ಕೆಲವು ಮುಳುಗಿದವು, ಕೆಲವು ಒದ್ದೆಯಾಗಿ ದಡ ಸೇರಿದವು. ಯಮನೂರಮ್ಮ ತನ್ನದನ್ನು ತಾನೇ ದಾಟಿಸುತ್ತೇನೆಂದು ಹಟ ಹಿಡಿದಳು. ಸಿಟ್ಟು ಬಂದಾಗ ಅವನು ಬಿಸಿ ಹಂಚು. ನಗುವಾಗ ಅವನು ಮಾಗಿದ ಹಣ್ಣು. ಬರೆದು ತೋರಿಸಿದಾಗ ಮಾಸ್ತರು ನಗುವ ಕ್ರಿಯಾಪದದ ತುದಿಗೆ ಕೆಂಪು ಮಸಿಯಲ್ಲಿ ಒಂದು ಎಸ್ ಸೇರಿಸಿದರು.

"ಒಬ್ಬ ನಗತಾನ ಅಂದ್ರ ಎಸ್ ಬೇಕು. ಇಬ್ಬರು ನಗತಾರ ಅಂದ್ರ ಬ್ಯಾಡ. ಗಂಡ ಒಬ್ಬನ ಅಲ್ಲೇನ್ರಿ?"

"ಅಯ್ಯ, ಒಬ್ಬನ್ನ ಸಂಭಾಳಿಸಿದ್ದ ಸಾಕಾಗೇತ್ರಿ ಸರ್."

ಜೋರಾಗಿ ನಕ್ಕವಳು ಈ ಸಲ ಅಮೃತಾ. ಕರಾರು ಮುರಿದದ್ದು ಅವಳಿಗೇ ಗೊತ್ತಾಗಲಿಲ್ಲ.

ಆ ವಾರ ಯಮನೂರಮ್ಮ ನಡೆಯಲಿಲ್ಲ, ಹಾರಾಡಿದಳು. ಇಂಗ್ಲಿಷೆಂಬ ಮುಚ್ಚಿದ ಬಾಗಿಲನ್ನು ಇಷ್ಟು ವರ್ಷ ಹೊರಗೆ ಎಳೆಯುತ್ತಿದ್ದೆ, ಅದು ಒಳಗೆ ತಳ್ಳುವ ಬಾಗಿಲು ಎನ್ನಿಸಿತು. ಅಂಗನವಾಡಿಯ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತ ಅವರನ್ನೂ ಮೆಟಫರ್ ಮಾಡಿದಳು. ಸಿಂಬಳ ಸುರಿಸುವವ ಸೋರುವ ನಲ್ಲಿ. ಮೂಲೆಯಲ್ಲಿ ಕೂತವಳು ಮುಚ್ಚಿದ ಮೊಗ್ಗು. ಇಂಗ್ಲಿಷಿನಲ್ಲಿ ದೊಡ್ಡವರಿಗೂ ಸಣ್ಣವರಿಗೂ ಒಂದೇ 'ಯು' ಎಂಬುದು ಅವಳಿಗೆ ಇನ್ನೂ ಸೋಜಿಗವಾಗಿತ್ತು. ತಹಶೀಲ್ದಾರರಿಗೂ ಅದೇ, ಸೋರುವ ನಲ್ಲಿಗೂ ಅದೇ! ಮಕ್ಕಳಿಗೆಲ್ಲ ಯು, ಯು ಎಂದು ಬೊಟ್ಟು ಮಾಡಿ ಕರೆದಳು. ಮಕ್ಕಳು ತಿರುಗಿ ಅವಳಿಗೇ ಯು ಎಂದವು.

ಉತ್ಸಾಹ ತಲೆಗೇರಿದವರು ಇನ್ನೊಬ್ಬರಿದ್ದರು. ಗುರುಬಸವ ಮಾಸ್ತರು ನಲವತ್ತು ಒಡಪುಗಳನ್ನೂ ಡ್ರಾಯಿಂಗ್ ಹಾಳೆಯ ಮೇಲೆ ಬಣ್ಣದ ಮಸಿಯಲ್ಲಿ, ಒಂದೂ ಹೆಸರು ಬಿಡದೆ ಬರೆಸಿದರು. ಹಾಳೆಯನ್ನು ತರಗತಿಯಲ್ಲಿ ಹಚ್ಚದೆ, ಊರವರೂ ನೋಡಲಿ ಎಂದು ಶಾಲೆಯ ಹೊರಗೋಡೆಗೆ ಹಚ್ಚಿದರು. ಆ ಗೋಡೆಯ ಎದುರಿಗೇ ಪಂಪಣ್ಣನ ಚಹಾದಂಗಡಿ. ಬಾಗಿಲು ಮುಚ್ಚಿಕೊಂಡು ಹೆಂಗಸರ ನಡುವೆ ಆಡಬೇಕಾದದ್ದು ಗಂಡಸರು ಚಹಾ ಕುಡಿಯುವ ಕಟ್ಟೆಯ ಮುಂದೆ ನೇತಾಡಿತು.

ವಿರುಪಣ್ಣ ಊರಿನ ನೀರಗಂಟಿ. ಕಾಲುವೆಯ ತೂಬಿನಿಂದ ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂದು ಪಾಳಿ ಹಚ್ಚಿ ಬಿಡುವವನು. ಅವನ ಹತ್ತಿರ ಲಾಠಿಯಿಲ್ಲ, ರಸೀದಿ ಪುಸ್ತಕವಿಲ್ಲ. ಇದ್ದದ್ದು ಸಿಟ್ಟು ಒಂದೇ. ತೂಬಿನ ಮೇಲೆ ನಿಂತು ಅವನು ಒಮ್ಮೆ ಒದರಿದರೆ, ಪಾಳಿ ತಪ್ಪಿಸಿ ನೀರು ತಿರುವಿಕೊಂಡವರು ಸಲಿಕೆ ಬಿಟ್ಟು ಓಡುತ್ತಿದ್ದರು. ಕಾಲುವೆಯ ಕೊನೆಯ ಗದ್ದೆಯವರೆಗೂ ನೀರು ಮುಟ್ಟುತ್ತಿದ್ದುದು ಆ ಗಂಟಲಿನ ಬಲದಿಂದ.

ಹಾಳೆ ಹಚ್ಚಿದ ಮರುದಿನ ಹತ್ತರ ಹೊತ್ತಿಗೆ ಯಮನೂರಮ್ಮ ಅಂಗನವಾಡಿಯ ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದಳು. ರಸ್ತೆಯ ಆ ಕಡೆ ಚಹಾದಂಗಡಿಯ ಮುಂದೆ ಗಂಡ ಸೈಕಲ್ಲು ನಿಲ್ಲಿಸುವುದು ಕಂಡಿತು.

"ಬಾ ವಿರುಪಣ್ಣ," ಎಂದ ಪಂಪಣ್ಣ. "ಕಟ್ಟಿಗಿ ಹಸಿ ಅದಾವ, ಚಾ ಕಾಯವಲ್ದು. ಒಂದೀಟು ಕಿಟ್ಲಿ ಹತ್ರ ನಿಂದ್ರು ನೋಡೂಣು."

ಕಟ್ಟೆ ನಕ್ಕಿತು. ವಿರುಪಣ್ಣನಿಗೆ ತಿಳಿಯಲಿಲ್ಲ. ಫಕ್ರುದ್ದೀನ ಸಾಹೇಬರು ಬೀಡಿ ಕೆಳಗಿಳಿಸಿ ಅಂದರು: "ನಿನ್ನಿ ನನ್ನ ಪಾಳಿ ಕಡಿತೀನಿ ಅಂತ ಒದರಿದೆಲ್ಲ, ನಾ ಖರೇನ ಹೆದರಿದ್ದೆ ಮಾರಾಯ. ಉಣ್ಣಾಕ ಬರ್ರಿ ಅಂದ್ರ ಸಾಕು ಅಂತ ಯಾರಿಗೆ ಗೊತ್ತಿತ್ತು?"

ಆಗ ಗೋಡೆಯ ಕಡೆ ಕೈ ತೋರಿಸಿದವರು ಒಬ್ಬಿಬ್ಬರಲ್ಲ. ವಿರುಪಣ್ಣ ಹೋಗಿ ಹಾಳೆಯ ಮುಂದೆ ನಿಂತ. ತುಟಿ ಅಲ್ಲಾಡಿಸುತ್ತ ಓದಿದ. ಅವನ ಬೆನ್ನು ಬಿಗಿಯುವುದು ಯಮನೂರಮ್ಮನಿಗೆ ಅಂಗನವಾಡಿಯ ಬಾಗಿಲಿನಿಂದಲೇ ಕಂಡಿತು. ಮೊರ ಕೈಯಲ್ಲೇ ನಿಂತಿತು.

ಸಂಜೆಗೆ ತೂಬಿನ ಹತ್ತಿರ ಇನ್ನೂ ಕೆಟ್ಟದಾಯಿತು. ಕದ್ದು ನೀರು ಬಿಟ್ಟವನ ಮೇಲೆ ವಿರುಪಣ್ಣ ಒದರಿದಾಗ, ಗದ್ದೆಯ ಬದುವಿನಿಂದ ಯಾರೋ ಹೆಣ್ಣುದನಿ ತೆಗೆದು "ಉಣ್ಣಾಕ ಬರ್ರೀ" ಎಂದರಂತೆ. ಬದುವಿನ ಮೇಲಿದ್ದವರೆಲ್ಲ ನಕ್ಕರಂತೆ. ಕದ್ದವನು ಸಲಿಕೆ ಬಿಡಲೂ ಇಲ್ಲ, ಓಡಲೂ ಇಲ್ಲ.

ಮನೆಗೆ ಬಂದ ವಿರುಪಣ್ಣ ಒದರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ನಾಳಿಂದ ಸಾಲಿ ಬಂದ್," ಎಂದ.

"ಏನ್ರಿ, ಪರೀಕ್ಷಾ ಐದು ವಾರ ಐತ್ರಿ."

"ಐದು ವಾರದಾಗ ನನ್ನ ಇನ್ನೇನು ಮಾಡಾಕಿ? ಹಂಚ ಆತು. ಇನ್ನ ಬುಟ್ಟಿ, ಕಸಬರಗಿ ಉಳದಾವು. ತೂಬಿನ ಮ್ಯಾಲ ನನ್ನ ಮಾತು ನಡೀಲಿಲ್ಲಂದ್ರ ಕೊನೀ ಗದ್ದಿ ಮಂದಿ ಏನು ಉಣಬೇಕು? ಅದನ್ನ ಕಲಿಸ್ಯಾನೇನು ನಿಮ್ಮ ಮಾಸ್ತರ?"

ಅವನು ಹೇಳಿದ್ದು ನಿಜವೆಂದು ಅವಳಿಗೂ ಗೊತ್ತಿತ್ತು.

ಮೂರು ದಿನ ಕೊನೆಯ ಬೆಂಚಿನಲ್ಲಿ ಅವಳ ಜಾಗ ಖಾಲಿ ಇತ್ತು. ಅಮೃತಾ ಶಾಲೆಯಿಂದ ಬಂದು, ಆ ದಿನದ ಪಾಠವನ್ನು ಹಿತ್ತಲಲ್ಲಿ ಪಾತ್ರೆ ತಿಕ್ಕುವ ತಾಯಿಗೆ ಪಿಸುಪಿಸು ಹೇಳುತ್ತಿದ್ದಳು. ಕರಾರು ಹಾಕಿದ್ದ ಮಗಳೇ ಈಗ ಮಾಸ್ತರಾಗಿದ್ದಳು, ಅದೂ ಕಟ್ಟುನಿಟ್ಟಿನ ಮಾಸ್ತರು. "ಸಿಮಿಲಿ ಮತ್ತ ಮೆಟಫರ್ ನಡುವ ಏನು ಫರಕು? ಹೇಳು." ಯಮನೂರಮ್ಮ ಬೂದಿಗೈಯಲ್ಲಿ ತಲೆ ಮುಟ್ಟಿಕೊಂಡು, ಗೈಡಿನ ವಾಕ್ಯವನ್ನೇ ಒಪ್ಪಿಸಿ, ಮತ್ತೆ ಅದಲು ಬದಲು ಮಾಡಿದಳು. ಮೆಟಫರ್ ಒಂದು ಗೊತ್ತಾದರೂ ಅದರ ಜೊತೆಯದು ಇನ್ನೂ ಮುಸುಕು ಹಾಕಿಕೊಂಡೇ ಕೂತಿತ್ತು. "ಅವ್ವ, ಇದು ನಾಕು ಮಾರ್ಕ್ಸಿಂದು. ನಿನಗ ಒಂದೊಂದೂ ಬೇಕು," ಎಂದಳು ಅಮೃತಾ. ಹೌದು, ಬೇಕಿತ್ತು. ಹಿಂದಿನ ಚಾಚಣಿಯಲ್ಲಿ ಬಂದದ್ದು ಇಪ್ಪತ್ತೆಂಟು, ಬೇಕಾದದ್ದು ಮೂವತ್ತೈದು.

ಭಾನುವಾರ ಬೆಳಿಗ್ಗೆ ಗುರುಬಸವ ಮಾಸ್ತರು ಆ ಹಾಳೆಯನ್ನು ಸುರುಳಿ ಸುತ್ತಿಕೊಂಡು ಅಂಗಳಕ್ಕೆ ಬಂದು ನಿಂತರು. ಮುಖ ಒಣಗಿತ್ತು.

"ತಪ್ಪಾತ್ರಿ ವಿರುಪಣ್ಣಾರ. ಒಳಗ ಹಚ್ಚೋದನ್ನ ಹೊರಗ ಹಚ್ಚಿದೆ. ನನಗ ಬುದ್ಧಿ ಇರಲಿಲ್ಲ. ಇದನ್ನ ನಿಮ್ಮ ಕೈಯಾಗ ಕೊಟ್ಟು ಹೋಗಾಕ ಬಂದೀನಿ. ಹರೀರಿ, ಸುಡ್ರಿ. ಆದ್ರ ಅಕ್ಕಾರನ್ನ ಕಳಸ್ರಿ."

ವಿರುಪಣ್ಣ ಹಾಳೆ ತೆಗೆದುಕೊಂಡ. ಹರಿಯಲಿಲ್ಲ. ಅಂಗಳದ ಕಲ್ಲಿನ ಮೇಲೆ ಬಿಚ್ಚಿ ಹರವಿ, ನಾಲ್ಕು ಮೂಲೆಗೆ ನಾಲ್ಕು ಭತ್ತದ ಸೇರು ಇಟ್ಟ. ಅವನು ಮೂರು ದಿನ ಮನಸ್ಸಿನಲ್ಲೇ ಓದಿಕೊಂಡಿದ್ದನೆಂದು ಕಾಣುತ್ತದೆ.

"ನಲವತ್ತು ಗಂಡಸರು ಅದಾರ ಇಲ್ಲಿ," ಎಂದ. "ಎಲ್ಲಾರನ್ನೂ ಬಿಟ್ಟು ನಾ ಒಬ್ಬಾಂವ ಯಾಕ ನಗೆಪಾಟಲಾದೆ? ಇದು ಅನ್ಯಾಯ ಹೌದೋ ಅಲ್ಲೋ ನೀವ ಹೇಳ್ರಿ. ಈ ಪಂಪಣ್ಣಂದು ನೋಡ್ರಿ. ಏನಂದಾಳ ಅವನ ಹೆಂಡತಿ? ಬೆಲ್ಲದ ಚಾದಂಗ ಮನಸು ಅಂದಾಳ. ಚಾದಂಗ! ಚಾ ಅಂದಿಲ್ಲ. ಅದಕ್ಕ ಅಂವ ಇನ್ನೂ ಪಂಪಣ್ಣನ ಉಳದಾನ, ಚಾ ಅಂವನ ಬಾಜೂಕ ಬ್ಯಾರೇನ ಕುಂತೈತಿ. ನನ್ನ ಹೆಂಡತಿ? ಸೀದಾ ಹಂಚ ಮಾಡಿಬಿಟ್ಟಾಳ! ಹಂಚಿನಂಗ ಅಂದಿದ್ರ ನಾನು ಮನಿಷಾ ಉಳೀತಿದ್ದೆ, ಹಂಚಿನ ಗುಣ ಒಂದೀಟು ಅಂಟೇತಿ ಅಂತ ಆಗತಿತ್ತು. ಹಂಚು ಅಂದಮ್ಯಾಲ ನಾ ಹ್ವಾದೆ, ಹಂಚ ಉಳೀತು. ಅದರ ಮ್ಯಾಲ ಊರ ಮಂದಿ ರೊಟ್ಟಿ ಬೇಯಸಾಕ ಹತ್ಯಾರ!"

ಯಮನೂರಮ್ಮ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಅಮೃತಾ. ಮಾಸ್ತರಿಗೆಂದು ತಂದ ಚಹಾದ ಬಟ್ಟಲು ಹಿಡಿದೇ ಯಮನೂರಮ್ಮ ಅಂಗಳಕ್ಕೆ ಇಳಿದಳು.

"ಸರ್!" ಎಂದು ಕೂಗಿದಳು. "ಸರ್, ಇದ ಏನ್ರಿ? ಪಂಪಣ್ಣಂದು ಸಿಮಿಲಿ, ಇವರದು ಮೆಟಫರ್! ಚಾದಂಗ ಅಂದ್ರ ಚಾನೂ ಉಳೀತು, ಮನಿಷಾನೂ ಉಳದ. ಅದು ಸಿಮಿಲಿ. ಹಂಚು ಅಂದ್ರ ಮನಿಷಾ ಮಾಯ! ಇದ ಅಲ್ಲೇನ್ರಿ ಫರಕು?"

ಮಾಸ್ತರು ಒಣಗಿದ ಮುಖ ಮರೆತು ಅಂಗಳದಲ್ಲಿ ಒಂದು ಸುತ್ತು ತಿರುಗಿದರು. "ಇದ! ಇದ! ವಿರುಪಣ್ಣಾರ, ಗೈಡು ಬರೆದಾವ ಇಷ್ಟು ಛಲೋ ಹೇಳಿಲ್ರಿ. ನಾ ಎರಡು ತಿಂಗಳು ಒದರಿದ್ರೂ ನನ್ನ ಬಾಯಾಗ ಇದು ಬರಲಿಲ್ಲ."

"ಏನು ಹೇಳಿದೆ ನಾನು?" ಎಂದ ವಿರುಪಣ್ಣ ಸಂಶಯದಿಂದ. ಮತ್ತೆ ಯಾರೋ ತನ್ನ ಮೇಲೆ ರೊಟ್ಟಿ ಬೇಯಿಸುತ್ತಿದ್ದಾರೇನೋ ಎಂದು ಮೂವರ ಮುಖವನ್ನೂ ನೋಡಿದ.

"ಅಪ್ಪ, ನೀ ನಾಕು ಮಾರ್ಕ್ಸ್ ಹೇಳಿದಿ," ಎಂದಳು ಅಮೃತಾ.

ಅವನು ಮೀಸೆ ತಿರುವಿದ. ಸಿಟ್ಟು ಹೋಗಿರಲಿಲ್ಲ, ಆದರೆ ಅದಕ್ಕೆ ಕೂಡಲು ಜಾಗ ಸಾಲುತ್ತಿರಲಿಲ್ಲ. "ಹಂಗಾರ ನಂದೂ ಸಿಮಿಲಿ ಮಾಡ್ರಿ. ಹಂಚಿನಂಗ ಅಂತ ಬರೀರಿ. ಬರದು ಮತ್ತ ಅದ ಗ್ವಾಡಿಗೆ ಹಚ್ರಿ, ಎಲ್ಲಾರೂ ಓದಲಿ. ಆಮ್ಯಾಲ ಈಕಿ ಸಾಲಿಗೆ ಬರಲಿ."

ಮಾಸ್ತರು ತಕ್ಷಣ ಜೇಬಿನಿಂದ ಪೆನ್ನು ತೆಗೆದರು. ಕೆಲಸ ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಹಾಳೆಯ ಮೇಲೆ ಬಗ್ಗಿದರು.

"ಆಗಂಗಿಲ್ರಿ," ಎಂದಳು ಯಮನೂರಮ್ಮ.

ಮೂವರೂ ಅವಳ ಕಡೆ ತಿರುಗಿದರು. ತಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಾಲಿಗೆ ಕೇಳಲಿಲ್ಲ.

"ಹಂಚಿನಂಗ ಅಂದ್ರ ಪದ ಕುಂಟತೈತ್ರಿ. ಕುಂಟೋ ಒಡಪು ನನ್ನ ಹೆಸರಿನಾಗ ಗ್ವಾಡಿ ಮ್ಯಾಲ ಇರಬಾರದು. ಅದನ್ನ ಹೊಡದ ಹಾಕ್ರಿ. ನಾ ಹೊಸಾದು ಕಟ್ಟತೀನಿ. ಒಂದೀಟು ತಡೀರಿ."

ಅವಳು ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಮದುವೆಮನೆಯ ಹೊಸ್ತಿಲಲ್ಲಿ ಹೆಂಗಸರು ನಗುವುದಕ್ಕೆಂದು ಕಟ್ಟಿದ್ದೇ ಇಷ್ಟು ವರ್ಷ. ಗಂಡಸರು ಹೆದರುವುದಕ್ಕೆಂದು ಕಟ್ಟುತ್ತಿರುವುದು ಇದೇ ಮೊದಲು. ಎಲ್ಲಿಂದ ಎಳೆ ಹಿಡಿಯಬೇಕು? ತೂಬಿನ ಮೇಲೆ ಟವೆಲ್ಲು ಬಿಗಿದು ನಿಂತ ಗಂಡ, ಕತ್ತಲಿಗೆ ಕಾಯುತ್ತ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತ ನೀರುಗಳ್ಳ, ಕೊನೆಯ ಗದ್ದೆಯಲ್ಲಿ ಬಿರುಕು ಬಿಡುತ್ತಿರುವ ಮಣ್ಣು. ಕಣ್ಣು ತೆರೆದಳು.

"ಪಾಳಿ ಬಿಟ್ಟು ನೀರು ಕದ್ದರ ಕಿತ್ತಾವು ನೋಡ್ರಿ ಕಣ್ಣ,
ತೂಬಿನ ಬಾಗಲ ಕಾಯೋ ಹುಲಿ ನಮ್ಮ ವಿರುಪಣ್ಣ!"

ವಿರುಪಣ್ಣ ಆ ಎರಡು ಸಾಲನ್ನು ತುಟಿಯಲ್ಲೇ ಹೇಳಿಕೊಂಡ. ಇನ್ನೊಮ್ಮೆ ಹೇಳಿಕೊಂಡ. ಎದೆ ಒಂದಿಷ್ಟು ಮುಂದೆ ಬಂತು.

"ಹುಲಿ ಅಂದೀನ್ರಿ," ಎಂದಳು ಯಮನೂರಮ್ಮ, ಕಣ್ಣಲ್ಲಿ ತುಂಟತನ ಒತ್ತಿ ಹಿಡಿದು. "ಹುಲಿಯಂಗ ಅಂತ ಮಾಡಲೇನು? ನೀವು ಮನಿಷಾ ಉಳೀತೀರಿ."

ವಿರುಪಣ್ಣ ಯೋಚಿಸಿದ. ಬಹಳ ಹೊತ್ತು ಯೋಚಿಸಿದ.

"ಬ್ಯಾಡ," ಎಂದ ಕೊನೆಗೆ. "ಹುಲಿ ಅಂತ ಇರಲಿ."

ಮೊದಲು ನಕ್ಕವಳು ಅಮೃತಾ. ಆಮೇಲೆ ಮಾಸ್ತರು. ಆಮೇಲೆ ತಡೆಯಲಾರದೆ ಹುಲಿಯೂ ನಕ್ಕಿತು. ಹೊಸ ಒಡಪು ಹಳೆಯದರ ಮೇಲೆ ಅಂಟಿಕೊಂಡು ಸೋಮವಾರ ಮತ್ತೆ ಗೋಡೆಗೆ ಹೋಯಿತು. ಕಟ್ಟೆಯವರಿಗೆ ಅದನ್ನು ಜೋರಾಗಿ ಓದಿ ಹೇಳಿದವರು ಯಾರೆಂದರೆ, ಕಾಲುವೆಯ ಕೊನೆಯ ಗದ್ದೆಯ ಮಂದಿ. ಪಾಳಿ ತಪ್ಪಿಸಿ ನೀರು ತಿರುವಿಕೊಳ್ಳುತ್ತಿದ್ದ ನಡುವಿನ ಗದ್ದೆಯವರು ತಲೆ ಬಗ್ಗಿಸಿ ಚಹಾ ಕುಡಿದರು. ಯಮನೂರಮ್ಮ ಕೊನೆಯ ಬೆಂಚಿಗೆ ಬಂದಾಗ ಶಹನಾಜ ಸರಿದು ಜಾಗ ಕೊಟ್ಟಳು. ಅಮೃತಾ ಎರಡನೇ ಬೆಂಚಿನಿಂದ ಎದ್ದು ಬಂದು ತಾಯಿಯ ಮಗ್ಗುಲಲ್ಲಿ ಕೂತಳು.

ಪರೀಕ್ಷೆ ಗಂಗಾವತಿಯಲ್ಲಿತ್ತು. ಇಂಗ್ಲಿಷ್ ಪತ್ರಿಕೆಯ ದಿನ ಯಮನೂರಮ್ಮನಿಗೆ ಸಿಕ್ಕಿದ್ದು ಕಿಟಕಿ ಪಕ್ಕದ ಡೆಸ್ಕು. ಅಕ್ಕಪಕ್ಕದ ಹುಡುಗರು ಅವಳನ್ನು ಮೇಲ್ವಿಚಾರಕಿ ಎಂದು ತಿಳಿದು ಎದ್ದು ನಿಂತು ಮತ್ತೆ ಕೂತರು. ಪತ್ರ ಬರೆಯುವುದು ಬಂತು, ಬರೆದಳು. ಕಾಲ ಬದಲಿಸುವ ಆರು ವಾಕ್ಯಗಳಲ್ಲಿ ಮೂರು ಖಂಡಿತ ತಪ್ಪಿದವು. ಅಲಂಕಾರದ ನಾಲ್ಕು ಮಾರ್ಕ್ಸನ್ನು ಉಸಿರು ಬಿಡದೆ ಬರೆದು ಮುಗಿಸಿದಳು. ಕೊನೆಗೆ ಒಂದು ಪದ್ಯವಿತ್ತು. ಪಾಠದ್ದಲ್ಲ. ಎಂದೂ ಕಾಣದ್ದು. ನಾಲ್ಕೇ ಸಾಲು.

ಮೊದಲ ಓದಿಗೆ ಅದು ಬರೀ ಅಕ್ಷರಗಳು. ಎರಡನೇ ಓದಿಗೆ ಒಂದು ಶಬ್ದ ತಲೆಯೆತ್ತಿತು: ಕಡಲು. ಇನ್ನೊಂದು: ಮುದಿ. ಮತ್ತೊಂದು: ಜೇಬು. ಮುದಿ ಕಡಲು ಜೇಬು ತಡಕುತ್ತದೆ? ತಪ್ಪು ಓದಿದೆನೇ ಎಂದು ಬೆರಳಿಟ್ಟು ಓದಿದಳು. ತಪ್ಪಲ್ಲ. ಮುದಿ ಕಡಲು ದಂಡೆಯ ಮೇಲೆ ದಿನವಿಡೀ ಜೇಬು ತಡಕುತ್ತದೆ. ಅದು ಕೀಲಿ ಕಳೆದುಕೊಂಡಿದೆ. ಬಾಗಿಲು ಎಲ್ಲಿತ್ತೆಂಬುದನ್ನೂ ಮರೆತಿದೆ. ಅವಳು ಕಡಲು ಕಂಡವಳಲ್ಲ, ಟಿವಿಯಲ್ಲಿ ನೋಡಿದ್ದಳಷ್ಟೇ. ಅಲೆ ಬರುತ್ತದೆ, ಹೋಗುತ್ತದೆ, ಬರುತ್ತದೆ, ಹೋಗುತ್ತದೆ. ಹೌದಲ್ಲ! ಮುದುಕರು ಅಂಗಿಯ ಮೇಲೆ ಕೈ ಆಡಿಸುವುದು ಹಾಗೆಯೇ, ಅದೇ ಜೇಬನ್ನು ಮತ್ತೆ ಮತ್ತೆ. ಕಡಲನ್ನು ಮನುಷ್ಯನನ್ನಾಗಿ ಮಾಡಿದ್ದಾರೆ ಎಂದು ಬರೆದಳು. ಯಾಕೆ ಮಾಡಿದ್ದಾರೆ ಎಂದೂ ಬರೆದಳು, ಮುರುಕು ಇಂಗ್ಲಿಷಿನಲ್ಲಿ, ಪುಟ ತುಂಬ. ನಾಲ್ಕನೇ ಸಾಲು ಮಾತ್ರ ಬಿಡಿಸಲಾಗಲಿಲ್ಲ. ಕೀಲಿ ಚಂದ್ರನ ಮನೆಯಲ್ಲಿದೆ ಎಂದಿತ್ತು ಅದು. ಚಂದ್ರನಿಗೂ ಕಡಲಿಗೂ ಏನು ಸಂಬಂಧ? ಗಂಟೆ ಬಾರಿಸಿತು.

ಫಲಿತಾಂಶ ಮೇ ತಿಂಗಳಲ್ಲಿ ಬಂತು. ಯಮನೂರಮ್ಮ, ವಿರುಪಣ್ಣ, ಅಮೃತಾ ಮೂವರೂ ಗಂಗಾವತಿಯ ಬಸ್ಸಿಗಾಗಿ ರಸ್ತೆಗೆ ಬಂದು ನಿಂತಿದ್ದರು, ಅಲ್ಲಿಗೆ ಹೋಗಿ ನೋಡೋಣವೆಂದು. ಅಷ್ಟರಲ್ಲಿ ಗುರುಬಸವ ಮಾಸ್ತರು ದೂಳೆಬ್ಬಿಸುತ್ತ ಸೈಕಲ್ಲಿನಲ್ಲಿ ಬಂದರು. ಬ್ರೇಕು ಹಾಕುವುದಕ್ಕೆ ಮೊದಲೇ ಕೂಗಿದರು.

"ಅಮೃತಾ, ಎಪ್ಪತ್ತೆರಡು! ಅಕ್ಕಾರ, ಮೂವತ್ತೊಂಬತ್ತು! ಪಾಸ್! ಪಾಸ್!"

ವಿರುಪಣ್ಣ ಟವೆಲ್ಲು ತೆಗೆದು ಗಾಳಿಯಲ್ಲಿ ಬೀಸಿದ. ಅಮೃತಾ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ಯಮನೂರಮ್ಮ ಅಳುತ್ತ ನಗುತ್ತ ಸೆರಗಿನಿಂದ ಮೂಗು ಒರೆಸಿಕೊಂಡು, "ಸರ್, ಅದು ಆತಲ್ರಿ, ಭಾಳ ಛಲೋ ಆತು," ಎಂದಳು. "ಈಗ ಮೊದಲ ಆ ನಾಕನೇ ಸಾಲು ಹೇಳ್ರಿ. ಒಂದೂವರೆ ತಿಂಗಳಾತು, ನಿದ್ದಿ ಬಿದ್ದಿಲ್ಲ ನನಗ. ಕೀಲಿ ಚಂದ್ರನ ಮನ್ಯಾಗ ಹೆಂಗ ಹೋತು?"

ಮಾಸ್ತರು ಸೈಕಲ್ಲಿನಿಂದ ಇಳಿದರು. "ಚಂದ್ರ ಕಡಲಿನ ನೀರು ಎಳೀತಾನ್ರಿ. ಅದಕ್ಕ ಕಡಲು ದಿನಾ ಏರತೈತಿ, ಇಳೀತೈತಿ. ಖರೇನ. ವಿಜ್ಞಾನದಾಗ ಐತಿ."

"ಎಳೀತಾನ?" ಎಂದ ವಿರುಪಣ್ಣ. "ಅಷ್ಟು ನೀರು? ತೂಬು ಎಲ್ಲೈತಿ?"

"ತೂಬಿಲ್ರಿ."

"ಮತ್ತ ಪಾಳಿ ಹಚ್ಚಾಂವ ಯಾರು?"

"ಅದ ಅಲ್ರಿ ಕೀಲಿ!" ಯಮನೂರಮ್ಮ ರಸ್ತೆಯ ನಡುವೆಯೇ ಚಪ್ಪಾಳೆ ಹೊಡೆದಳು. "ಕೀಲಿ ಚಂದ್ರನ ಹತ್ರ ಐತಿ. ಕಡಲು ಇಲ್ಲಿ ಜೇಬು ಹುಡುಕಾಕ ಹತ್ತೈತಿ, ಅಂವ ಅಲ್ಲಿ ಸುಮ್ಮನ ಕುಂತಾನ! ಅಮ್ಮೀ, ತಿಳೀತೇನು?"

ಬಸ್ಸು ಬಂದು ನಿಂತಿತು. ಅಂಕಪಟ್ಟಿ ತರಬೇಕು, ಅಂಗನವಾಡಿ ಹುದ್ದೆಯ ಅರ್ಜಿ ತರಬೇಕು. "ಅಕ್ಕಾರ, ಹತ್ತೀರೋ ಇಲ್ಲೋ?" ಎಂದು ಕಂಡಕ್ಟರು ಬಾಗಿಲು ಬಡಿದ. ಗಂಡ ಮಗಳು ಇಬ್ಬರೂ ಸೇರಿ ಅವಳನ್ನು ಒಳಗೆ ತಳ್ಳಿ ತಾವೂ ಹತ್ತಿದರು. ಬಸ್ಸು ಹೊರಟ ಮೇಲೆ ಅವಳ ತಲೆ ಕಿಟಕಿಯಿಂದ ಹೊರಬಂತು.

"ಸರ್, ಅಮಾಸಿ ದಿನ ಚಂದ್ರ ಇರಂಗಿಲ್ಲಲ್ರಿ? ಅವತ್ತ ಕೀಲಿ ಯಾರ ಹತ್ರ ಇರತೈತಿ?"

ಮಾಸ್ತರು ಸೈಕಲ್ಲು ಹತ್ತಿ, ಉತ್ತರವನ್ನು ಕೂಗುತ್ತ, ಬಸ್ಸಿನ ದೂಳಿನೊಳಗೆ ಜೋರಾಗಿ ತುಳಿಯತೊಡಗಿದರು.